ಕತ್ತಲೆಯಲ್ಲಿ ಕೂರಲು ಟಿಕೆಟ್

ಮೊನ್ನೆ ನಮ್ಮ ಶಿರಸಿ ಕಡೆ ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಮಳೆಗಾಲದಲ್ಲಿ ಅದೇನು ಸುದ್ದಿಯಲ್ಲ ಬಿಡಿ. ಇನ್ವರ್ಟರ್ ಕೂಡ ಕೈಕೊಟ್ಟಿತು. ರಾತ್ರಿ ಎಲ್ಲರೂ ಜಗಲಿಯಲ್ಲಿ ಸುಮ್ನೆ ಕೂತಿದ್ದಾಗ, ಕೆಲಸದ ಮೇಲೆ ಜಪಾನಿಗೆ ಹೋಗಿ ಬಂದಿದ್ದ ಅಕ್ಕನ ಮಗ ಒಂದು ವಿಷಯ ಹೇಳಿದ.

ನಾವೋಶಿಮಾ ಅಂತ ಒಂದು ದ್ವೀಪ. ಅಲ್ಲಿ ಮಿನಾಮಿದೇರಾ ಅನ್ನೋ ಮರದ ಕಟ್ಟಡ, ಕಟ್ಟಿದ್ದು ಜಪಾನಿನ ವಾಸ್ತುಶಿಲ್ಪಿ ತದಾವೊ ಆಂಡೊ. ಒಳಗಿರೋದು ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ 1999ರಲ್ಲಿ ಮಾಡಿದ ಕಲಾಕೃತಿ. ಗೋಡೆ ತಡವುತ್ತಾ ಹೋಗಿ ಕೂರಬೇಕು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ, ಅಷ್ಟು ಕತ್ತಲೆ. ಸುಮಾರು ಹೊತ್ತಾದ ಮೇಲೆ ಎದುರಿಗೆ ಮಸುಕಾಗಿ ಒಂದು ಚೌಕ ಕಂಡಿತಂತೆ. ಈಗ ದೀಪ ಹಾಕಿದರು ಅಂದುಕೊಂಡನಂತೆ ಇವನು. ಯಾರೂ ಹಾಕಿಲ್ಲ. ಬೆಳಕು ಮೊದಲಿಂದಲೂ ಅಷ್ಟೇ ಇತ್ತು, ಇವನ ಕಣ್ಣು ಈಗ ತಯಾರಾಯ್ತು ಅಷ್ಟೇ. ಹತ್ತಿರ ಹೋಗಿ ಕೈ ಚಾಚಿದರೆ ಅಲ್ಲಿ ಗೋಡೆಯೇ ಇಲ್ಲ!

"ಕತ್ಲಲ್ಲಿ ಕೂರಲೂ ದುಡ್ಡಾ ತಮಾ?" ಅಂದಳು ಆಯಿ. ಎಲ್ಲರೂ ನಕ್ಕೆವು.

ಆದರೆ ನನಗೆ ಹಠ ಬಂತು. ಟಾರ್ಚ್ ಆರಿಸಿ ಕೂತೆ. ಮೊದಲು ಏನೂ ಇಲ್ಲ, ಮಳೆ ಸದ್ದು ಮಾತ್ರ. ಆಮೇಲೆ ತುಳಸಿಕಟ್ಟೆಯ ಸುಣ್ಣ ಕಂಡಿತು. ಮತ್ತೆ ಮೆಟ್ಟಿಲಿನ ಅಂಚು, ಕಂಬ, ಆಯಿ ಸೀರೆ. ಕೆಂಪು ಸೀರೆ, ಬೂದಿ ಬಣ್ಣದ್ದಾಗಿ ಕಾಣ್ತಿತ್ತು. ಕತ್ತಲೆಯಲ್ಲಿ ಕೆಲಸ ಮಾಡೋ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗಲ್ಲ, ಮತ್ತೆ ಅವು ಪೂರ್ತಿ ಹದಕ್ಕೆ ಬರೋಕೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಯಾರದೋ ಫೋನ್ ಹೊತ್ತಿಕೊಂಡಿತು. ಎಲ್ಲ ಮಾಯ. ಮತ್ತೆ ಮೊದಲಿಂದ.

ಹಾಗಂತ ನಮ್ಮ ಜಗಲಿಯೂ ಅದೂ ಒಂದೇ ಅಂತ ಹೇಳ್ತಾ ಇಲ್ಲ, "ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು" ಅನ್ನೋ ಮಾತು ನನಗೆ ಆಗಿಬರಲ್ಲ. ಟರೆಲ್ ಕಾಲೇಜಿನಲ್ಲಿ ಓದಿದ್ದೇ ಮನಶ್ಶಾಸ್ತ್ರ, ಅದರಲ್ಲೂ ನಮ್ಮ ಕಣ್ಣು ಹೇಗೆ ನೋಡುತ್ತೆ ಅನ್ನೋದು. ಕಾದವರಿಗಷ್ಟೇ ಕಾಣುವಷ್ಟು ಬೆಳಕನ್ನು ಆ ಮನುಷ್ಯ ಅಳೆದು ಇಟ್ಟಿದ್ದಾನೆ. ನಮ್ಮಲ್ಲಿ ಮರ ಬಿದ್ದಿತ್ತು, ಅಷ್ಟೇ.

ನನ್ನ ಸಿಟ್ಟು ಬೇರೆಯವರ ಮೇಲೆ. ಹೋದ ವರ್ಷ ಬೆಂಗಳೂರಲ್ಲಿ ಒಂದು 'ಇಮ್ಮರ್ಸಿವ್' (ಅಂದ್ರೆ ನೋಡೋರನ್ನ ಪೂರ್ತಿ ಮುಳುಗಿಸೋ) ಶೋಗೆ ದುಡ್ಡು ಕೊಟ್ಟು ಹೋಗಿದ್ದೆ. ಗೋಡೆ ನೆಲದ ಮೇಲೆಲ್ಲ ಪ್ರೊಜೆಕ್ಟರಿನಲ್ಲಿ ಓಡುವ ಹಳೇ ಚಿತ್ರಗಳು, ಕಿವಿ ಒಡೆಯೋ ಸಂಗೀತ, ಹೆಜ್ಜೆಗೊಂದು ಸೆಲ್ಫಿ ಜಾಗ. ಕಣ್ಣಿಗೆ ಒಂದು ನಿಮಿಷ ಪುರುಸೊತ್ತಿಲ್ಲ. ಇದಕ್ಕೂ ಟರೆಲ್‌ನ ಆ ಕತ್ತಲೆಗೂ 'ಇಮ್ಮರ್ಸಿವ್' ಅಂತ ಒಂದೇ ಹೆಸರು ಅಂದ್ರೆ ಹೇಗೆ ಸ್ವಾಮಿ?

ಮೂರನೇ ದಿನ ಬೆಳಗ್ಗೆ ಕರೆಂಟ್ ಬಂತು. ಆಯಿ ಓಡಿಹೋಗಿ ಮೊದಲು ಹಾಕಿದ್ದು ಮಿಕ್ಸಿ.