ಕಲರ್ ಡ್ರೆಸ್ಸಿನ ದಿನ

ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಶಾಲೆ ಯಾವುದು, ಊರು ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಕೆಲಸಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿಯನ್ನು ಗುರುತು ಹಿಡಿದು ಊರಿನವರು ಮತ್ತೊಂದು ಸುತ್ತು ಮಾತಾಡುತ್ತಾರೆ. ಡಿಸೆಂಬರ್‌ನಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿ ಬಂದೆವು. ಅಂದಿನಿಂದ ಒಳಗೇ ಕುದಿಯುತ್ತಿರುವುದನ್ನು ಸ್ಟಾಫ್ ರೂಮಿನಲ್ಲಿ ಹೇಳುವ ಧೈರ್ಯವಿಲ್ಲದೆ ಇಲ್ಲಿ ಹೇಳುತ್ತಿದ್ದೇನೆ.

ಪ್ರವಾಸದ ಸುತ್ತೋಲೆಯಲ್ಲಿ ಮಕ್ಕಳು ಕಲರ್ ಡ್ರೆಸ್‌ನಲ್ಲಿ ಬರಬಹುದು ಎಂದು ನಾವೇ ಬರೆದಿದ್ದೆವು. ವರ್ಷವಿಡೀ ಒಂದೇ ಬಣ್ಣದಲ್ಲಿ ಕಾಣುವ ಮಕ್ಕಳು ಅಂದು ಬೆಳಗಿನ ಐದು ಗಂಟೆಯ ಚಳಿಯಲ್ಲಿ ದೀಪಾವಳಿಗೆ ಹೊಲಿಸಿದ ಬಟ್ಟೆ ತೊಟ್ಟು ಬಂದು ನಿಂತಿದ್ದರು. ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮಂಗಳಾರತಿ ಮಾಡಿದರು. ಆ ಹುಡುಗಿಯೂ ಎಲ್ಲರಂತೆ ಕಾಯಿಚೂರು ತಿನ್ನುತ್ತ ಸಾಲಿನಲ್ಲಿದ್ದಳು. ಅವಳ ಸರದಿ ಬಂದಾಗ ಪ್ರವಾಸದ ಉಸ್ತುವಾರಿ ಹೊತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ, ಹಾಜರಿ ಪಟ್ಟಿಯಿಂದ ತಲೆ ಎತ್ತದೆಯೇ, "ಅದನ್ನು ತೆಗೆದು ಬ್ಯಾಗಿನಲ್ಲಿಡಮ್ಮ, ಶಾಲೆಯ ಪ್ರವಾಸ ಅಂದಮೇಲೆ ಶಾಲೆಯ ರೂಲ್ಸೇ" ಎಂದರು. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡೇ ಪಿನ್ನು ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು, ತಿಳಿಹಸಿರು ಸ್ಕಾರ್ಫನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದಳು. ಹೊಸ ಸ್ಕಾರ್ಫು, ಅಂಗಡಿಯಲ್ಲಿ ಮಡಿಸಿಟ್ಟ ಗೆರೆ ಇನ್ನೂ ಮಾಸಿರಲಿಲ್ಲ. ನಾನು ಎರಡಡಿ ದೂರದಲ್ಲಿ ನಿಂತು ಮಕ್ಕಳಿಗೆ ವಾಂತಿಯ ಕವರು ಹಂಚುತ್ತಿದ್ದೆ. ಬಾಯಿ ಬಿಡಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅವಳ ತಾಯಿ ಶಾಲೆಗೆ ಬಂದು, "ತಲೆ ಮೇಲೆ ಬಟ್ಟೆ ಇದ್ದರೆ ಯಾರೂ ಏನೂ ಅನ್ನುವುದಿಲ್ಲ ತಾನೆ ಮೇಡಂ?" ಎಂದು ಕೇಳಿದ್ದರು. "ನಾನಿರುತ್ತೇನಲ್ಲ, ಕಳಿಸಿ" ಎಂದು ಹೇಳಿದ ಮಹಾತಾಯಿ ನಾನೇ.

ಯಾವ ರೂಲ್ಸು ಎಂದು ಈಗ ಕೇಳುತ್ತಿದ್ದೇನೆ. ಹಿಜಾಬಿನ ಗಲಾಟೆಯ ನಡುವೆ 2022ರ ಫೆಬ್ರವರಿ 5ರಂದು ರಾಜ್ಯ ಸರ್ಕಾರ ಹೊರಡಿಸಿದ ಆದೇಶ ಸಮವಸ್ತ್ರವನ್ನು ಕುರಿತದ್ದು. ಅದೇ ವರ್ಷದ ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದೂ ಆ ಆದೇಶವನ್ನೇ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರು ಹೌದೆಂದು, ಒಬ್ಬರು ಅಲ್ಲವೆಂದು ತೀರ್ಪು ಕೊಟ್ಟು, ವಿಷಯ ದೊಡ್ಡ ಪೀಠದ ಮುಂದೆ ಹೋಗಬೇಕಾಯಿತು. ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲೇ ಒಮ್ಮತ ಮೂಡದ ಪ್ರಶ್ನೆಯನ್ನು ನಮ್ಮ ಸಹೋದ್ಯೋಗಿ ಬಸ್ಸಿನ ಬಾಗಿಲಲ್ಲಿ ಅರ್ಧ ನಿಮಿಷದಲ್ಲಿ ಬಗೆಹರಿಸಿಬಿಟ್ಟರು. ಅದೂ ಸಮವಸ್ತ್ರಕ್ಕೇ ರಜೆ ಕೊಟ್ಟ ದಿನ!

ಅದೇ ಬಸ್ಸಿನ ಮೂರನೇ ಸೀಟಿನಲ್ಲಿ ಅಯ್ಯಪ್ಪ ಮಾಲೆ ಹಾಕಿದ ಹುಡುಗನೊಬ್ಬ ಕುಳಿತಿದ್ದ. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಹೆಗಲ ಮೇಲೆ ಕಪ್ಪು ಶಾಲು, ಹಣೆಯಲ್ಲಿ ವಿಭೂತಿ, ಬರಿಗಾಲು. 41 ದಿನಗಳ ವ್ರತವೆಂದು ಅವನಿಗೆ ತರಗತಿಯಲ್ಲೇ ಸಮವಸ್ತ್ರದಿಂದಲೂ ಶೂನಿಂದಲೂ ವಿನಾಯಿತಿ ಕೊಟ್ಟಿದ್ದೆವು. ಗಲಾಟೆ ಮಾಡಿದರೂ ಗದರದೆ "ಸ್ವಾಮಿ, ಸುಮ್ಮನಿರಿ" ಎನ್ನುತ್ತಿದ್ದೆವು. ವಾಪಸು ಬರುವಾಗ ಅವನ ಸಂಜೆಯ ಸ್ನಾನ, ಪೂಜೆಗೆಂದು ದಾರಿಯ ದೇವಸ್ಥಾನವೊಂದರ ಬಳಿ ಎರಡೂ ಬಸ್ಸುಗಳು ಮುಕ್ಕಾಲು ಗಂಟೆ ನಿಂತವು. ಒಂದು ಮಗುವೂ ಗೊಣಗಲಿಲ್ಲ. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಜೈನರ ಹುಡುಗಿಗೆ ಐದು ಗಂಟೆಗೇ ಡಬ್ಬಿ ಬಿಚ್ಚಿಸಿ ತಿನ್ನಿಸಿದೆವು. ಇವೆಲ್ಲ ನಡೆಯಬೇಕಾದದ್ದೇ, ನಡೆದದ್ದು ನನಗೆ ಸಂತೋಷವೇ. ಆದರೆ ಇಷ್ಟೆಲ್ಲ ಮಾಡಲು ಬರುತ್ತದೆ ಎಂದು ತೋರಿಸಿಕೊಟ್ಟ ಮೇಲೆ, ಒಂದೂವರೆ ಗಜ ಬಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಶಿಸ್ತು ನೆನಪಾಗುವುದು ಹೇಗೆ?

ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. ಬಾಗಿಲಲ್ಲಿ ನಿಂತಿದ್ದವರು ಸ್ವತಃ ಹಲವು ಬಾರಿ ಶಬರಿಮಲೆಗೆ ಹೋಗಿ ಬಂದವರು. ಅಲ್ಲಿಗೆ ಹೋಗುವ ದಾರಿಯ ಎರುಮೇಲಿಯಲ್ಲಿ ಮೈಗೆ ಬಣ್ಣ ಬಳಿದುಕೊಂಡು ಪೇಟೆ ತುಳ್ಳಲ್ ಕುಣಿಯುವ ಭಕ್ತರು ಅಯ್ಯಪ್ಪನ ಗೆಳೆಯ ವಾವರನ ಹೆಸರಿನ ಮಸೀದಿಗೆ ಪ್ರದಕ್ಷಿಣೆ ಹಾಕಿ ಮುಂದೆ ಸಾಗುವುದನ್ನು, ಮೇಲೆ ಸನ್ನಿಧಾನದಲ್ಲೂ ವಾವರನಿಗೊಂದು ಸ್ಥಾನವಿರುವುದನ್ನು ನಾವು ಕೇಳಿದ್ದೇ ಅವರ ಬಾಯಿಂದ. ಕೇರಳದ ಮಸೀದಿಗೆ ಸುತ್ತು ಬರುವ ಭಕ್ತಿ ನಮ್ಮ ಶಾಲೆಯ ಬಸ್ಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಎಲ್ಲಿ ಇಳಿದುಹೋಗುತ್ತದೋ ತಿಳಿಯದು.

ಸುರಕ್ಷತೆಯ ಮಾತಾಗಿದ್ದರೆ ಸ್ಕಾರ್ಫು ತೆಗೆ ಎಂದು ನಾನೇ ಮೊದಲು ಹೇಳುತ್ತಿದ್ದೆ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಸತ್ತ ಮೇಲೆ, ಮಕ್ಕಳನ್ನು ಹೊರಗೆ ಕರೆದೊಯ್ಯುವುದೆಂದರೆ ನಮಗೆಲ್ಲ ಎದೆ ನಡುಗುತ್ತದೆ. ಆದ್ದರಿಂದಲೇ ಪಾರ್ಕಿನಲ್ಲಿ ರೋಲರ್ ಕೋಸ್ಟರ್ ಹತ್ತಿಸುತ್ತಿದ್ದ ಹುಡುಗನ ಕೆಲಸವನ್ನು ಅರ್ಧ ಗಂಟೆ ನಿಂತು ನೋಡಿದೆ. ಇಪ್ಪತ್ತೆರಡು ದಾಟಿರದ ಪ್ರಾಯ, ಕೊರಳಲ್ಲಿ ಸೀಟಿ. ಪ್ರತಿಯೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿದ್ದ. ಕನ್ನಡಕ ತೆಗೆಸಿದ, ಕೀಲಿಕೈ ತೆಗೆಸಿದ, ಹುಡುಗಿಯರ ವೇಲುಗಳನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಸಿದ. ನಮ್ಮ ಸ್ವಾಮಿಯ ಶಾಲನ್ನು ತೆಗೆಸಿ, ಮಾಲೆಯನ್ನು ಅಂಗಿಯೊಳಗೆ ಬಿಡಿಸಿ, ಕುತ್ತಿಗೆಯ ಗುಂಡಿ ಹಾಕಿಸಿದ. ಸ್ಕಾರ್ಫು ಕಟ್ಟಿದವರು ಕೂರಬಹುದೇ ಎಂದು ಕೇಳಿದೆ. "ಬಿಗಿಯಾಗಿ ಕಟ್ಟಿ ತುದಿ ಒಳಗೆ ಸಿಗಿಸಿಕೊಂಡರೆ ಸಾಕು ಮೇಡಂ, ದಿನಾ ಎಷ್ಟೋ ಜನ ಕೂರ್ತಾರೆ. ಇಳಿಬಿಟ್ಟರೆ ಮಾತ್ರ ಬಿಡಲ್ಲ, ಗಾಳಿಗೆ ಹಾರಿ ಎಲ್ಲಾದರೂ ಸಿಕ್ಕಿಕೊಳ್ಳುತ್ತೆ" ಎಂದ. ಅವನ ನಿಯಮಕ್ಕೆ ಕಾರಣವಿತ್ತು, ಆ ಕಾರಣವನ್ನು ಯಾರು ಕೇಳಿದರೂ ಹೇಳುತ್ತಿದ್ದ, ಶಾಲಿಗೂ ವೇಲಿಗೂ ಸ್ಕಾರ್ಫಿಗೂ ಒಂದೇ ಲೆಕ್ಕ ಹಿಡಿಯುತ್ತಿದ್ದ. ಯಾರು ಯಾವ ದೇವರಿಗೆ ಕೈಮುಗಿಯುತ್ತಾರೆಂಬುದು ಅವನಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಬಟ್ಟೆಯ ತುದಿ ಮಾತ್ರ. ಬಿ.ಎಡ್. ಮಾಡಿದ ನಾವು ಆರು ಜನ ಅಲ್ಲಿದ್ದೆವು.

ಇದನ್ನು ಹೋಗಿ ಸಹೋದ್ಯೋಗಿಗೆ ಹೇಳಿದೆ. ಚುರುಮುರಿ ತಿನ್ನುತ್ತಿದ್ದರು. "ಇವತ್ತು ಇವಳಿಗೆ ಬಿಟ್ಟರೆ ನಾಳೆ ಕ್ಲಾಸಿನಲ್ಲಿ ಕೇಳುತ್ತಾರೆ, ನಾಡಿದ್ದು ಇನ್ನೊಂದು ಗುಂಪು ಕೇಸರಿ ಶಾಲು ಹಾಕಿಕೊಂಡು ಬಂದು ನಿಲ್ಲುತ್ತದೆ. 2022ರಲ್ಲಿ ನೋಡಲಿಲ್ಲವೇ ನೀವು?" ಎಂದರು. ನೋಡಿದ್ದೇನೆ, ಆ ಭಯ ಸುಳ್ಳಲ್ಲ. ಆದರೆ ಕಲ್ಲು ತೂರುವವನಿಗೆ ಹೆದರಿ ನಮ್ಮ ಮನೆಯ ಕಿಟಕಿಯನ್ನೇ ಕಿತ್ತು ಒಳಗಿಟ್ಟರೆ ಅದನ್ನು ಮುನ್ನೆಚ್ಚರಿಕೆ ಎನ್ನುತ್ತಾರೆಯೇ? ಇನ್ನೊಬ್ಬ ಶಿಕ್ಷಕಿ, ಅದೆಲ್ಲ ಮನೆಯವರ ಒತ್ತಾಯ, ತೆಗೆಸಿದ್ದರಿಂದ ಹುಡುಗಿಗೆ ಉಪಕಾರವೇ ಆಯಿತು ಎಂದರು. ಒತ್ತಾಯವಿದ್ದರೂ ಇರಬಹುದು. ಮಾಲೆ ಹಾಕಿದ್ದು ನಿನ್ನಿಷ್ಟವೋ ಅಪ್ಪನ ಇಷ್ಟವೋ ಎಂದು ಸ್ವಾಮಿಯನ್ನು ನಾವು ಕೇಳಿರಲಿಲ್ಲ. ಕೇಳಬಾರದು ಎಂಬಷ್ಟು ಮರ್ಯಾದೆ ನಮಗಿತ್ತು. ಉಪಕಾರ ಹೊಂದಿದವಳ ಮುಖವನ್ನು ಆಕೆ ಆ ದಿನ ಒಮ್ಮೆಯಾದರೂ ನೋಡಬೇಕಿತ್ತು.

ಅವಳು ಬೆಳಗಿನಿಂದ ಸಂಜೆಯವರೆಗೆ ಹೊಂಗೆಮರದ ಕೆಳಗಿನ ಬೆಂಚಿನ ಮೇಲೆ ಕುಳಿತು ಎಲ್ಲರ ಬ್ಯಾಗು ಕಾದಳು. ಬರಿತಲೆಯಲ್ಲಿ ಅಷ್ಟು ಜನರ ನಡುವೆ ಓಡಾಡಲು ಮನಸ್ಸಾಗಲಿಲ್ಲ ಎಂದು ಅವಳು ಹೇಳಲಿಲ್ಲ; ತಲೆನೋವು ಎಂದಳು. ಗೆಳತಿಯರು ಮೊದಲೆರಡು ಸಲ ಕೈಹಿಡಿದು ಎಳೆದು ನೋಡಿ, ಆಮೇಲೆ ತಮ್ಮ ಚಪ್ಪಲಿ, ವಾಚು, ಒದ್ದೆ ಟವೆಲುಗಳನ್ನು ಅವಳ ಪಕ್ಕಕ್ಕೆ ಪೇರಿಸಿ ಓಡಿದರು. ಎಲ್ಲರಂತೆ ಅವಳೂ ದುಡ್ಡು ಕಟ್ಟಿದ್ದಳು.

ಈ ಮಕ್ಕಳಿಗೆ ಮೂಲಭೂತ ಹಕ್ಕುಗಳನ್ನು ಪಾಠ ಮಾಡುವಾಗ ನಾನು ಕೇರಳದ ಮೂವರು ಮಕ್ಕಳ ಕಥೆಯನ್ನು ತಪ್ಪದೆ ಹೇಳುತ್ತೇನೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಧರ್ಮ ಒಪ್ಪುವುದಿಲ್ಲವೆಂದು ಹಾಡದಿದ್ದಕ್ಕೆ ಶಾಲೆಯವರು ಅವರನ್ನು ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪೆಂದಿತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಆ ತೀರ್ಪನ್ನು ಮುಗಿಸುವಾಗ, ಸಹಿಷ್ಣುತೆ ನಮ್ಮ ಪರಂಪರೆಯಲ್ಲೂ ಸಂವಿಧಾನದಲ್ಲೂ ಇದೆ, ಅದನ್ನು ತೆಳುವಾಗಿಸಬಾರದು ಎಂಬರ್ಥದ ಮಾತು ಬರೆದಿದ್ದಾರೆ. ಈ ವರ್ಷ ಆ ಕಥೆ ಹೇಳಿದಾಗ ಅವಳು ಎರಡನೇ ಬೆಂಚಿನಲ್ಲಿ ಕುಳಿತು ನೋಟ್ಸ್ ಬರೆದುಕೊಂಡಿದ್ದಳು. ಮುಂದಿನ ಬಾರಿ ಅದೇ ಪಾಠವನ್ನು ಯಾವ ಮುಖ ಹೊತ್ತು ಮಾಡಲಿ?

ಪ್ರವಾಸದಿಂದ ಬಂದ ಮರುದಿನ ಮುಖ್ಯೋಪಾಧ್ಯಾಯರು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ನಲವತ್ತು ಫೋಟೋ ಹಾಕಿ, ಕೆಳಗೆ "ವಿವಿಧತೆಯಲ್ಲಿ ಏಕತೆ" ಎಂದು ಬರೆದರು. ಒಂದರಲ್ಲೂ ಅವಳಿಲ್ಲ. ಅವಳ ತಾಯಿ ಆ ಗುಂಪಿನಲ್ಲಿದ್ದಾರೆ. ನನಗೆ ಫೋನು ಮಾಡಿಲ್ಲ. ಅವರಿಗೆ ಮಾಡಲು ನನಗೂ ಕೈ ಬಂದಿಲ್ಲ.

ಮೊನ್ನೆ ಕನ್ನಡದ ಮೇಡಂ "ನಾನು ಕೈಗೊಂಡ ಪ್ರವಾಸ" ಎಂಬ ಪ್ರಬಂಧ ಬರೆಸಿದ್ದರು. ತಿದ್ದುತ್ತ ಕುಳಿತಿದ್ದವರು, ಎಷ್ಟು ಚೆನ್ನಾಗಿ ಬರೆದಿದ್ದಾಳೆ ನೋಡಿ ಎಂದು ಅವಳ ಪುಸ್ತಕವನ್ನು ನನ್ನತ್ತ ಸರಿಸಿದರು. ಒಂದೂ ಕಾಗುಣಿತದ ತಪ್ಪಿಲ್ಲದ ಎರಡು ಪುಟ. ರೋಲರ್ ಕೋಸ್ಟರ್ ಮೇಲಕ್ಕೆ ಹೋದಾಗ ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಯಿತು, ನೀರಿನ ಜಾರುಬಂಡೆಯಲ್ಲಿ ನಾವೆಲ್ಲ ಒಟ್ಟಿಗೆ ಜಾರಿದೆವು, ಗಾಳಿಗೆ ನನ್ನ ಕೂದಲು ಹಾರಾಡಿತು, ಈ ದಿನವನ್ನು ನಾನೆಂದೂ ಮರೆಯಲಾರೆ ಎಂದು ಬರೆದಿದ್ದಾಳೆ. ಹತ್ತಕ್ಕೆ ಒಂಬತ್ತು ಅಂಕ ಬಂದಿದೆ.