ೞಕಾರಕ್ಕೆ ಎರಡು ರೂಪಾಯಿ

ಬೆಂಗಳೂರಿನಲ್ಲಿರುವ ತಂಗಿಯ ಮಗ ಫೋನ್ ಮಾಡಿದರೆ ಸಾಮಾನ್ಯವಾಗಿ ಎರಡೇ ಕಾರಣ. ಒಂದೋ ಹಲಸಿನ ಹಪ್ಪಳ ಮುಗಿದಿರುತ್ತದೆ, ಇಲ್ಲವೇ ಅಮ್ಮನೊಡನೆ ಜಗಳವಾಗಿರುತ್ತದೆ. ಕಳೆದ ವಾರ ಮೂರನೆಯದೊಂದು ಹುಟ್ಟಿಕೊಂಡಿತು. ಯಾವುದೋ ವಾಹಿನಿಯ ಹಾಸ್ಯ ಕಾರ್ಯಕ್ರಮದಲ್ಲಿ ಅವನಿಗೆ ಸಣ್ಣದೊಂದು ಪಾತ್ರ ಸಿಕ್ಕಿದೆಯಂತೆ, ಹೋಟೆಲಿನ ಭಟ್ಟರ ಪಾತ್ರ. "ಮಾವ, ನೀವು ಮಾತನಾಡುವುದನ್ನು ಎರಡು ನಿಮಿಷ ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಿ. ವಿಷಯ ಯಾವುದಾದರೂ ಆದೀತು. ನೀವು ಏನು ಹೇಳಿದರೂ ನಗು ಬರುತ್ತದೆ" ಎಂದ.

ಏನು ಹೇಳಿದರೂ ನಗು ಬರುತ್ತದೆ! ಕುಂಬಳೆ ಸೀಮೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವನಿಗೆ ನಿವೃತ್ತಿಯ ನಂತರ ಸಿಕ್ಕಿದ ಬಿರುದು ಇದು.

ಕಿರುತೆರೆಯ ಭಟ್ಟರು ನನಗೆ ಹಳೆಯ ಪರಿಚಯ. ಹೆಗಲಿಗೊಂದು ಬೈರಾಸು, ಕೈಯಲ್ಲೊಂದು ಸಟ್ಟುಗ, ಪ್ರತಿ ವಾಕ್ಯದ ಬಾಲಕ್ಕೊಂದು "ಮಾರಾಯ್ರೆ". ನಮ್ಮಲ್ಲಿ ಮಾರಾಯ್ರೆ ಎಂಬುದು ಉಪ್ಪಿನಕಾಯಿಯ ಹಾಗೆ, ಎಲೆಯ ತುದಿಯಲ್ಲಿ ಇಷ್ಟೇ ಇಷ್ಟು. ಕಣ್ಣೆದುರೇ ಬಸ್ಸು ತಪ್ಪಿದಾಗ, ಅಡಿಕೆಯ ಧಾರಣೆ ಬಿದ್ದಾಗ, ಗೆಳೆಯನೊಬ್ಬ ಎರಡು ವರ್ಷದ ಮೇಲೆ ಎದುರಾದಾಗ ಬಾಯಿಗೆ ಬರುತ್ತದೆ. ಟಿವಿಯವರು ಅದನ್ನೇ ಅನ್ನದ ಬದಲು ಬಡಿಸುತ್ತಾರೆ. ಕುಂದಾಪುರದ "ಹ್ವಾಯ್", ಮಂಗಳೂರಿನ "ಮಂಡೆ ಬೆಚ್ಚ", ಹವ್ಯಕರ "ಹೇಳಿ" ಎಲ್ಲವೂ ಒಂದೇ ಬಾಯಿಂದ ಉದುರುತ್ತವೆ. ಅಂಥ ಮನುಷ್ಯ ಕರಾವಳಿಯ ಉದ್ದಕ್ಕೂ ಎಲ್ಲಿಯೂ ಹುಟ್ಟಿಲ್ಲ. ನಕ್ಕದ್ದಕ್ಕೆ ನನಗೆ ಬೇಸರವಿಲ್ಲ. ನಗುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳಬಾರದಿತ್ತೇ?

ಏಕೆಂದರೆ ಕೇಳಿ ನಗುವುದು ಕಾಸರಗೋಡಿನವರ ಕುಲವೃತ್ತಿ. ಭಾಷಣಗಳಲ್ಲಿ ಇದು ಸಪ್ತಭಾಷಾ ಸಂಗಮಭೂಮಿ. ಪೇಟೆಗೆ ಇಳಿದರೆ, ಪ್ರತಿಯೊಬ್ಬರೂ ದಿನಕ್ಕೆ ಮೂರು ಭಾಷೆಗಳನ್ನಾದರೂ ತಪ್ಪುತಪ್ಪಾಗಿ ಮಾತನಾಡುವ ಊರು. ಕೊಂಕಣಿ ಮನೆಮಾತಿನ ಮಂಜೇಶ್ವರದ ಗೋವಿಂದ ಪೈಗಳು 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡದ್ದು ಕನ್ನಡದಲ್ಲಿ. ಕನ್ನಡಕ್ಕಾಗಿ ಬದುಕಿಡೀ ದನಿಯೆತ್ತಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. (ಅವರ ಹೆಸರಿನ ಞಕಾರದ ಎದುರು ತಡವರಿಸದ ಬೆಂಗಳೂರಿನ ನಿರೂಪಕರು ಯಾರಾದರೂ ಸಿಕ್ಕಿದರೆ ತಿಳಿಸಿ, ಒಂದು ಗೊನೆ ನೇಂದ್ರ ಬಾಳೆ ಕಳುಹಿಸಿಕೊಡುತ್ತೇನೆ.)

ನೇಂದ್ರ ಬಾಳೆ ಎಂದೊಡನೆ ಹಣ್ಣಿನಂಗಡಿಯ ಇಚ್ಚನ ನೆನಪಾಯಿತು. ಅವರ ಕನ್ನಡಕ್ಕೆ ನಾನು, ನನ್ನ ಮಲಯಾಳಕ್ಕೆ ಅವರು ನಗತೊಡಗಿ ಕಾಲವೆಷ್ಟೋ ಆಯಿತು. ನಾನು "ಪಳಂ" ಎನ್ನುತ್ತೇನೆ. ಅವರು ತೂಗುವ ಗೊನೆಗಳ ನಡುವಿನಿಂದ ಮುಖ ಹೊರಗೆ ಹಾಕಿ, "ಪಳಂ ಅಲ್ಲ ಮಾಷೇ, ಪೞಂ. ನಾಲಿಗೆ ಮಡಚಿ, ಆದರೆ ಮೇಲೆ ತಾಗಿಸಬೇಡಿ" ಎಂದು ಪಾಠ ಹೇಳುತ್ತಾರೆ. ೞ ಸರಿಯಾಗಿ ಬಂದ ದಿನ ಕಿಲೋಗೆ ಎರಡು ರೂಪಾಯಿ ಇಳಿಸುತ್ತೇನೆಂದು ಪಂಥ ಕಟ್ಟಿದ್ದಾರೆ. ಆ ಎರಡು ರೂಪಾಯಿ ಈವರೆಗೆ ನನಗೆ ದಕ್ಕಿಲ್ಲ. ಮರ್ಯಾದೆ ಹೋಗುವ ಸಂಗತಿಯೆಂದರೆ, ಆ ಅಕ್ಷರ ಒಂದು ಕಾಲಕ್ಕೆ ನಮ್ಮದೂ ಆಗಿತ್ತು. ಹಳಗನ್ನಡದಲ್ಲಿ ಬಾಳೆ ಬಾೞೆಯಾಗಿತ್ತು, ಕೋಳಿ ಕೋೞಿಯಾಗಿತ್ತು. ಕಪ್ಪು ಹಲಗೆಯ ಮೇಲೆ ವರ್ಷವರ್ಷವೂ ಬರೆದು ತೋರಿಸಿದ ಅಕ್ಷರ ಬಾಯಲ್ಲಿ ಹೇಗಿರುತ್ತದೆಂದು ತಿಳಿಯಲು ನಾನು ಹಣ್ಣಿನಂಗಡಿಗೆ ಹೋಗಬೇಕಾಯಿತು.

ಒಮ್ಮೆ ಮೈಸೂರಿನಿಂದ ಬಂದ ನೆಂಟರೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲಿಗೆ ಬಾಡಿದ ಅವರ ಮುಖ ನೋಡಿ ಇಚ್ಚ, "ಬೆಳ್ಳ ಬೇಣಾ?" ಎಂದರು. ನೀರು ಬೇಕೇ ಎಂದು ಅರ್ಥ. ನೆಂಟರು ಅದನ್ನು ಬೆಲ್ಲವೆಂದು ತಿಳಿದು, "ಬೇಡಪ್ಪ, ನನಗೆ ಸಕ್ಕರೆ ಕಾಯಿಲೆ" ಎಂದು ಕೈಮುಗಿದರು. ಸಕ್ಕರೆ ಕಾಯಿಲೆಯವರು ನೀರನ್ನೂ ಕುಡಿಯಬಾರದೆಂದು ಯಾವ ಡಾಕ್ಟರು ಹೇಳಿದರೋ ಎಂದು ಇಚ್ಚ ಕನಿಕರದಿಂದ ನನ್ನನ್ನು ನೋಡಿದರು. ಬಂದವರಿಗೆ ಬೆಲ್ಲವನ್ನೂ ನೀರನ್ನೂ ಒಟ್ಟಿಗೇ ಇಡುವ ನಮ್ಮ ಹಳ್ಳಿಯ ಜಗಲಿಯಲ್ಲಾಗಿದ್ದರೆ ಈ ಗೊಂದಲ ಗೊತ್ತೇ ಆಗುತ್ತಿರಲಿಲ್ಲ.

ಇಚ್ಚನ ಆ ಬಕಾರವೂ ಟಿವಿಗೆ ಹೋಗಿದೆ. ತೆಂಕಣ ಕೇರಳದ "ವೆಳ್ಳಂ" ಇಲ್ಲಿ "ಬೆಳ್ಳ" ಆಗುವುದು ಅತ್ತ ಕಡೆಯವರಿಗೆ ತಮಾಷೆ. ಕೊಚ್ಚಿಯ ಕಲಾಭವನದವರು 1981ರಲ್ಲಿ ಮಿಮಿಕ್ಸ್ ಪರೇಡ್ ಆರಂಭಿಸಿದ ಮೇಲೆ ಅನುಕರಣೆಯೇ ಹೊಟ್ಟೆಪಾಡಾದ ರಾಜ್ಯ ಅದು. ಹೀಗೆ ಇಚ್ಚನ "ಬ" ತಿರುವನಂತಪುರಕ್ಕೆ, ನನ್ನ "ಉಂಟು" ಬೆಂಗಳೂರಿಗೆ. 1956ರ ನವೆಂಬರ್ 1ರಂದು ಗಡಿ ಎಳೆದವರು ನಮಗೆ ಏನು ಕೊಟ್ಟರೋ ಬಿಟ್ಟರೋ, ಎರಡು ರಾಜ್ಯಗಳ ಹಾಸ್ಯಗಾರರಿಗೆ ಸರಕು ಒದಗಿಸುವ ಅವಕಾಶವನ್ನಂತೂ ಕೊಟ್ಟರು.

ಚೆನ್ನಾಗಿ ಕೇಳಿಸಿಕೊಂಡು ಅನುಕರಿಸಿದರೆ ತಪ್ಪಿಲ್ಲ ಎಂದು ತೀರ್ಪು ಕೊಟ್ಟು ಸುಮ್ಮನಾಗುವವನಿದ್ದೆ. ಅಷ್ಟರಲ್ಲಿ ಮೈಕೆಲ್ ಬೇಟ್ಸ್ ಅಡ್ಡ ಬಂದರು. ಬ್ರಿಟನ್ನಿನ ಜನರ ಪರವಾನಗಿ ಶುಲ್ಕದಿಂದ ನಡೆಯುವ ಬಿಬಿಸಿ 1974ರಿಂದ 1981ರವರೆಗೆ, ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಸೈನಿಕರನ್ನು ಕುರಿತ ಹಾಸ್ಯ ಧಾರಾವಾಹಿಯೊಂದನ್ನು ತೋರಿಸಿತ್ತು. ಅದರ ಮೊದಲ ವರ್ಷಗಳಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯ ಚಾಕರನಾದವರು ಈ ಇಂಗ್ಲಿಷ್ ನಟ. ಹುಟ್ಟಿದ್ದು ಝಾನ್ಸಿಯಲ್ಲಿ, ನಮ್ಮ ಉರ್ದುವನ್ನು ಚೆನ್ನಾಗಿ ಬಲ್ಲವರು. ಕಿವಿಯಲ್ಲಿ ಕೊರತೆಯಿರಲಿಲ್ಲ. ಆದರೂ ಬಿಬಿಸಿ ಇಂದು ಅದನ್ನು ಮರುಪ್ರಸಾರ ಮಾಡುವುದಿಲ್ಲ. ಅದೇ ಬಿಬಿಸಿ 1996ರಲ್ಲಿ ರೇಡಿಯೊದಲ್ಲೂ 1998ರಲ್ಲಿ ಟಿವಿಯಲ್ಲೂ ಭಾರತೀಯ ಮೂಲದ ಕಲಾವಿದರಿಗೆ ವೇದಿಕೆ ಕೊಟ್ಟಿತು. ಅವರು ತಮ್ಮ ಅಪ್ಪ ಅಮ್ಮಂದಿರ ಇಂಗ್ಲಿಷನ್ನು ಅಣಕಿಸಿದರು. ಜತೆಗೆ, ಇಂಗ್ಲಿಷರು ಭಾರತೀಯ ಹೋಟೆಲುಗಳಲ್ಲಿ ನಡೆದುಕೊಳ್ಳುವ ರೀತಿಯನ್ನೇ ತಿರುಗಿಸಿ, ಗುಂಪಾಗಿ ಇಂಗ್ಲಿಷ್ ಊಟಕ್ಕೆ ಹೋಗಿ, ಬಡಿಸುವವನ ಹೆಸರನ್ನು ತಿರುಚಿ, ಎಲ್ಲಕ್ಕಿಂತ ಸಪ್ಪೆಯಾದದ್ದು ಯಾವುದಿದೆ ಎಂದು ಕೇಳಿ ಬಾಕಿ ತೀರಿಸಿದರು.

ನಮ್ಮಲ್ಲಿ ಕಾನೂನೂ ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ ಆರನೆಯದು, ಜನಾಂಗ, ಭಾಷೆ, ಪ್ರದೇಶಗಳ ಗುಂಪುಗಳನ್ನು ನಿಂದೆ, ವ್ಯಂಗ್ಯ, ದೊಡ್ಡಸ್ತಿಕೆಯ ಧೋರಣೆಯಿಂದ ತೋರಿಸಬಾರದು ಎನ್ನುತ್ತದೆ. ವ್ಯಂಗ್ಯವೂ ಕೂಡದು! ಇದನ್ನು ಅಕ್ಷರಶಃ ಜಾರಿಗೆ ತಂದರೆ ಕಿರುತೆರೆಯಲ್ಲಿ ಅಡುಗೆಯ ಕಾರ್ಯಕ್ರಮವೊಂದೇ ಉಳಿಯಬಹುದು, ಅದೂ ಭಟ್ಟರಿಲ್ಲದೆ.

ನಿಯಮಕ್ಕಿಂತ ನನಗೆ ನೆರವಾದದ್ದು ಬಪ್ಪ ಬ್ಯಾರಿ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಯಕ್ಷಗಾನದ ಆಟ ನೋಡಿದವರಿಗೆ ಗೊತ್ತು, ಆ ಮುಸ್ಲಿಂ ವ್ಯಾಪಾರಿ ರಂಗಕ್ಕೆ ಬಂದು ಬ್ಯಾರಿ ಧಾಟಿಯಲ್ಲಿ ಬಾಯಿ ತೆರೆದೊಡನೆ ಸಭೆ ನಗುತ್ತದೆ. ರಾತ್ರಿ ಏರುತ್ತದೆ, ದೇವಿಯ ಅಪ್ಪಣೆಯಾಗುತ್ತದೆ. ಅವನು ಗುಡಿ ಕಟ್ಟಿಸುವ ಮಾತನ್ನಾಡುವುದೂ ಅದೇ ಧಾಟಿಯಲ್ಲಿಯೇ. ಒಂದು ಅಕ್ಷರವೂ ಶುದ್ಧವಾಗಿರುವುದಿಲ್ಲ. ನಾನು ನೋಡಿದ ಆಟದಲ್ಲಿ ಆ ಹೊತ್ತಿಗೆ ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಡಲೆಯ ಪೊಟ್ಟಣವನ್ನು ಮಡಿಲಿಗಿಟ್ಟು ಕೈಮುಗಿದರು. ಕಿರುತೆರೆಯ ಭಟ್ಟರಿಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಜ್ವರ ಬಂದದ್ದನ್ನು ನಾನು ಕಂಡಿಲ್ಲ. ಮಗಳ ಮದುವೆಯ ಚಿಂತೆಯಿಲ್ಲ, ಜಾಗದ ತಕರಾರಿಲ್ಲ, ಸತ್ತವರಿಗಾಗಿ ಅತ್ತದ್ದಿಲ್ಲ. ಇಡ್ಲಿ ಬಿಸಿಯಿದೆ ಎನ್ನಲು ಬರುತ್ತಾರೆ, ಮಾರಾಯ್ರೆ ಎಂದು ಹೋಗುತ್ತಾರೆ.

ಇದನ್ನೆಲ್ಲ ಅಳಿಯನಿಗೆ ಹೇಳಿ ಪ್ರಯೋಜನವಿಲ್ಲ. ಹುಡುಗನಿಗೆ ಸಿಕ್ಕಿದ ಮೊದಲ ಪಾತ್ರ. ಬಾಗಿಲು ಹಾಕಿಕೊಂಡು ಮೊಬೈಲನ್ನು ಮೇಜಿನ ಮೇಲಿಟ್ಟು, ಈ ವರ್ಷದ ಮಳೆ, ಕೊಳೆರೋಗ, ಔಷಧಿ ಹೊಡೆಯಲು ಆಳು ಸಿಗದಿರುವುದು ಎಲ್ಲವನ್ನೂ ಎರಡು ನಿಮಿಷ ಮಾತನಾಡಿದೆ. ಕಳುಹಿಸುವ ಮೊದಲು ಯಾರಿಗಾದರೂ ಕೇಳಿಸೋಣವೆಂದು ಸಂಜೆ ಅಂಗಡಿಗೆ ಒಯ್ದೆ. ಇಚ್ಚ ಬೈರಾಸಿನಿಂದ ಕೈ ಒರೆಸಿಕೊಂಡು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಯಾರಿದು ಮಾಷೇ? ಟಿವಿಯವನಾ?"

ಮತ್ತೆ ಕೇಳಿ ನೋಡಿದೆ. ಎರಡು ನಿಮಿಷದಲ್ಲಿ ಒಂಬತ್ತು ಸಲ ಮಾರಾಯ್ರೆ ಎಂದಿದ್ದೆ. ಅಲ್ಲಿಯೇ ಅಳಿಸಿ ಹಾಕಿದೆ. ಒಂದು ಕಿಲೋ ಪಳಂ ಕೇಳಿದೆ. ಪೂರ್ತಿ ಬೆಲೆಯನ್ನೇ ತೆಗೆದುಕೊಂಡರು.