ಸ್ನಾನ ಮಾಡಿಸುವಾಗ ಕೈಗೆ ತಾಗಿದ ಗಂಟು

"ಮಗು ಚೆನ್ನಾಗಿ ಆಡ್ತಿದೆಯಲ್ಲ, ಏನಾಗಿರುತ್ತೆ ಬಿಡಿ." ಪುಟ್ಟ ಮಕ್ಕಳ ಕಿಡ್ನಿ ಕ್ಯಾನ್ಸರ್ ವಿಷಯದಲ್ಲಿ ಇದರಷ್ಟು ದಾರಿ ತಪ್ಪಿಸುವ ಸಮಾಧಾನ ಇನ್ನೊಂದಿಲ್ಲ. ವಿಲ್ಮ್ಸ್ ಟ್ಯೂಮರ್ ಎಂಬ ಈ ಕಿಡ್ನಿ ಗೆಡ್ಡೆ ಇರುವ ಎಷ್ಟೋ ಮಕ್ಕಳು ಚೆನ್ನಾಗಿಯೇ ಆಡುತ್ತಿರುತ್ತವೆ. ಉಣ್ಣುತ್ತವೆ, ಓಡುತ್ತವೆ, ಹಟ ಮಾಡುತ್ತವೆ. ಹೊಟ್ಟೆಯ ಒಂದು ಪಕ್ಕ ಮಾತ್ರ ಗಟ್ಟಿಯಾಗಿ ಉಬ್ಬಿರುತ್ತದೆ, ಸಾಮಾನ್ಯವಾಗಿ ನೋವೇ ಇರುವುದಿಲ್ಲ.

1899ರಲ್ಲಿ ಈ ಗೆಡ್ಡೆಯ ಬಗ್ಗೆ ವಿವರವಾಗಿ ಬರೆದ ಜರ್ಮನ್ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್ ಹೆಸರೇ ಇದಕ್ಕೆ ನಿಂತಿದೆ. ಮಕ್ಕಳ ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಇದೇ. ಬಹುಪಾಲು 5 ವರ್ಷದೊಳಗೆ, ಅದರಲ್ಲೂ 3-4ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಕಂಡುಹಿಡಿಯುವುದು ಎಷ್ಟೋ ಸಲ ಡಾಕ್ಟರಲ್ಲ, ಸ್ನಾನ ಮಾಡಿಸುವ, ಬಟ್ಟೆ ಹಾಕುವ ಅಮ್ಮನೋ ಅಪ್ಪನೋ ಅಜ್ಜಿಯೋ. ಅವರು "ಇಲ್ಲೇನೋ ಗಟ್ಟಿ ಸಿಗ್ತಿದೆ" ಅಂದಾಗ ಗ್ಯಾಸು, ಮಲಬದ್ಧತೆ ಎಂದು ವಾರಗಟ್ಟಲೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು. ಅಲ್ಟ್ರಾಸೌಂಡ್‌ನಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಮಾಡಿಸಿಬಿಡಲು ಏನು ಕಷ್ಟ? ಮೂತ್ರದಲ್ಲಿ ರಕ್ತ, ಕಾರಣ ತಿಳಿಯದ ಜ್ವರ, ಏರಿದ ಬಿಪಿ ಕೂಡ ಸುಳಿವುಗಳೇ. (ಮೂರು ವರ್ಷದ ಮಗುವಿನ ಬಿಪಿ ಯಾರು ನೋಡುತ್ತಾರೆ ಹೇಳಿ!)

ಇನ್ನೊಂದು ಮಾತು. ಗಂಟು ಸಿಕ್ಕಿತೆಂದು ಬಂದವರೆಲ್ಲ ಒತ್ತಿ ಒತ್ತಿ ನೋಡಬಾರದು. ಗೆಡ್ಡೆ ಒಡೆದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಚೆಲ್ಲುತ್ತವೆ, ಚಿಕಿತ್ಸೆ ಇನ್ನಷ್ಟು ಕಠಿಣವಾಗುತ್ತದೆ.

"ಒಬ್ಬರು ಮೊದಲು ಆಪರೇಷನ್ ಅಂತಾರೆ, ಇನ್ನೊಬ್ಬರು ಮೊದಲು ಕೀಮೋ ಅಂತಾರೆ, ಯಾರನ್ನ ನಂಬೋದು?" ಎಂದು ಗಾಬರಿಯಾಗುವವರಿದ್ದಾರೆ. ಎರಡೂ ಸರಿ. ಉತ್ತರ ಅಮೆರಿಕದವರು ಸಾಧ್ಯವಾದಾಗ ಮೊದಲು ಕಿಡ್ನಿಯನ್ನೇ ತೆಗೆಯುತ್ತಾರೆ. ಯುರೋಪಿನವರು ಕೆಲವು ವಾರ ಕೀಮೋ ಕೊಟ್ಟು, ಗೆಡ್ಡೆ ಕುಗ್ಗಿಸಿ ಆಮೇಲೆ ತೆಗೆಯುತ್ತಾರೆ. ಫಲಿತಾಂಶ ಹೆಚ್ಚುಕಡಿಮೆ ಒಂದೇ. ವಿನ್‌ಕ್ರಿಸ್ಟೀನ್, ಆಕ್ಟಿನೋಮೈಸಿನ್-ಡಿ ಮುಖ್ಯ ಔಷಧಗಳು. ಕಾಯಿಲೆ ಹರಡಿದ್ದರೆ ಡಾಕ್ಸೊರುಬಿಸಿನ್ ಸೇರುತ್ತದೆ, ಬೇಕಾದರೆ ರೇಡಿಯೇಷನ್ ಕೂಡ. ಜೀವಕೋಶಗಳು ತೀರಾ ವಿಕಾರವಾಗಿರುವ ಬಗೆ ಸ್ವಲ್ಪ ಹಟಮಾರಿ. ಅದಲ್ಲದಿದ್ದರೆ, ಒಳ್ಳೆಯ ಚಿಕಿತ್ಸೆ ಪೂರ್ತಿಯಾಗಿ ಸಿಕ್ಕಿದ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕುತ್ತಾರೆ.

ಪೂರ್ತಿಯಾಗಿ ಎಂದೆನಲ್ಲ, ಅಲ್ಲೇ ಎಡವುವುದು. ಗೆಡ್ಡೆ ತೆಗೆದಾಯಿತು, ಮಗು ಮತ್ತೆ ಆಡುತ್ತಿದೆ, ಇನ್ಯಾಕೆ ಆ ಕೂದಲುದುರಿಸುವ ಔಷಧ ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ಮತ್ತದೇ ಸಮಾಧಾನ! ಕಣ್ಣಿಗೆ ಕಾಣದೆ ಉಳಿದದ್ದು ಮೊದಲು ಹೋಗಿ ಕೂರುವುದು ಹೆಚ್ಚಾಗಿ ಶ್ವಾಸಕೋಶದಲ್ಲಿ. ಹಾಗಾಗಿಯೇ ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ಎದೆ, ಹೊಟ್ಟೆ ಎರಡನ್ನೂ ತಪಾಸಣೆ ಮಾಡುತ್ತಿರುತ್ತಾರೆ. ಉಳಿದ ಒಂದು ಕಿಡ್ನಿ ಆರೋಗ್ಯವಾಗಿದ್ದರೆ ಚಿಂತೆ ಬೇಡ, ಸಾಮಾನ್ಯವಾಗಿ ಅದು ತಾನೇ ಸ್ವಲ್ಪ ದೊಡ್ಡದಾಗಿ ಎರಡರ ಕೆಲಸ ನೋಡಿಕೊಳ್ಳುತ್ತದೆ.